ನೆರೆಯವನ ಮಾತಿಗೊಂದು ಮುದ್ರೆ

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದಿಂದ ಹೊರಟ ಮೈಸೂರು ಅಂಚೆಗೆ ಎರಡು ಕೆಲಸ. ಕಾಗದ ಮುಟ್ಟಿಸುವುದು ಒಂದು. ಊರೂರಲ್ಲಿ ಕಂಡದ್ದು ಕೇಳಿದ್ದನ್ನು ಅರಮನೆಗೆ ಒಪ್ಪಿಸುವುದು ಇನ್ನೊಂದು. ಆ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಯಿತು. ಎರಡು ಕೆಲಸ ಮಾತ್ರ ಇಂಟರ್ನೆಟ್ಟಿನಲ್ಲೂ ಹಾಗೇ ಉಳಿದಿವೆ. ನಮ್ಮ ಫೋಟೊ, ಪಹಣಿ, ಬ್ಯಾಂಕಿನ ಹಣ ಸಾಗುವುದು ಒಂದು ಕಡೆ. ಯಾವ ದಾರಿ ತೆರೆದಿದೆ, ಯಾವುದು ಕಡಿದಿದೆ ಎಂದು ರೂಟರ್‌ಗಳು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ಇನ್ನೊಂದು ಕಡೆ. ನನ್ನ ಪ್ರೀತಿ ಈ ಎರಡನೆಯ ಮಾತಿನ ಮೇಲೆ, ಅದನ್ನು ಕಾಯುವ ಕುಸುರಿಯ ಮೇಲೆ.

ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ನಾಲ್ಕರಲ್ಲೂ ಒಂದೊಂದು ರೂಟರ್ ಇದೆ ಎಂದಿಟ್ಟುಕೊಳ್ಳಿ. ರೂಟರ್‌ಗಳು ದಾರಿಯ ಸುದ್ದಿ ಹಂಚಿಕೊಳ್ಳುವ ಒಎಸ್‌ಪಿಎಫ್ ಎಂಬ ಕ್ರಮದಲ್ಲಿ ಅವು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ನೆರೆಯವನಿಗೆ ‘ಇದ್ದೇನೆ’ ಎನ್ನುತ್ತವೆ. 40 ಸೆಕೆಂಡು ಸದ್ದಿಲ್ಲದಿದ್ದರೆ ನೆರೆಯವನು ಇಲ್ಲವೆಂದೇ ಲೆಕ್ಕ. ಹೆದ್ದಾರಿ ಅಗೆಯುವವರ ಕೈಯಲ್ಲಿ ಪಾಂಡವಪುರ–ನಾಗಮಂಗಲದ ಕೇಬಲ್ ತುಂಡಾದರೆ ಸುದ್ದಿ ಹಬ್ಬಿ, ಸಂಚಾರ ಕೆ.ಆರ್. ಪೇಟೆಯ ಕಡೆಯಿಂದ ಬಳಸಿಕೊಂಡು ಹೋಗುತ್ತದೆ. ಇಷ್ಟು ಚುರುಕು ಸಾಧ್ಯವಾಗುವುದು ನೆರೆಯವನ ಮಾತನ್ನು ನಂಬುವುದರಿಂದ. ಅಪಾಯವೂ ಅಲ್ಲೇ. ಯಾರೋ ನಡುವೆ ನುಸುಳಿ ‘ನಾಗಮಂಗಲಕ್ಕೆ ನನ್ನ ಮೂಲಕವೇ ಹತ್ತಿರ’ ಎಂದರೆ ಜಾಲವೆಲ್ಲ ಅವನತ್ತ ತಿರುಗುತ್ತದೆ.

ಇದಕ್ಕೆ 1998ರಲ್ಲಿ ಜಾನ್ ಮೋಯ್ ಬರೆದ ಒಎಸ್‌ಪಿಎಫ್ ಕಟ್ಟಳೆಯಲ್ಲಿರುವ ಉಪಾಯವನ್ನು ಹತ್ತಿರದಿಂದ ನೋಡಬೇಕು. ಎರಡೂ ಕಡೆ ಒಂದೇ ಗುಟ್ಟಿನ ಕೀಲಿ ಇರುತ್ತದೆ. ಕಳಿಸುವ ರೂಟರ್ ಸುದ್ದಿಯ ಕೊನೆಗೆ ಕೀಲಿಯನ್ನು ಸೇರಿಸಿ, ಎರಡನ್ನೂ ಒಟ್ಟಿಗೆ ಗಣಿತದ ಗಾಣಕ್ಕೆ ಹಾಕಿ 16 ಬೈಟ್‌ಗಳ ಸಾರ ತೆಗೆಯುತ್ತದೆ. ಆಮೇಲೆ ಕೀಲಿಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಸಾರವನ್ನು ಅಂಟಿಸಿ ಕಳಿಸುತ್ತದೆ. ಕೀಲಿ ತಂತಿಯ ಮೇಲೆ ಕಾಲಿಡುವುದೇ ಇಲ್ಲ. ಆ ಕಡೆಯ ರೂಟರ್ ತನ್ನ ಕೀಲಿಯಿಂದ ಅದೇ ಲೆಕ್ಕ ಮಾಡುತ್ತದೆ. ಸಾರ ತಾಳೆಯಾದರೆ ಮಾತು ನೆರೆಯವನದೇ. ಶ್ರೀರಂಗಪಟ್ಟಣದಿಂದ ಹೋಗುತ್ತಿದ್ದ ಟಿಪ್ಪುವಿನ ಕಾಗದಗಳಲ್ಲಿ ‘ನಬಿ ಮಾಲಿಕ್’ ಎಂಬ ಒಪ್ಪ ಇರುತ್ತಿತ್ತು. ಯಾವ ಕಾಗದಕ್ಕೂ ಅದೇ ಒಪ್ಪ, ಕೈ ಪಳಗಿದವನು ಅನುಕರಿಸಬಹುದು. ಇಲ್ಲಿನ ಮುದ್ರೆ ಕಾಗದದೊಳಗಿನ ಮಾತಿನಿಂದಲೇ ಹುಟ್ಟುವಂಥದ್ದು. ಒಂದಕ್ಷರ ತಿದ್ದಿದರೂ ಹೊಂದುವುದಿಲ್ಲ. ಅಂದಿನ ಗಾಣವಾದ ಎಂಡಿ5 ಸವೆದಿದ್ದರಿಂದ 2009ರಲ್ಲಿ ಶಾ ಕುಟುಂಬದ ಗಟ್ಟಿ ಲೆಕ್ಕಗಳು ಬಂದವು, ಮೂಲ ರೀತಿ ಬದಲಾಗಲಿಲ್ಲ.

ನಿಜವಾದ ಸುದ್ದಿಯನ್ನೇ ನಕಲು ಮಾಡಿಟ್ಟುಕೊಂಡು ನಾಳೆ ಮತ್ತೆ ಬಿಟ್ಟರೆ? ನಿನ್ನೆಯ ನಿಜ ಇಂದಿನ ಸುಳ್ಳಾಗಬಹುದು. ಅದಕ್ಕೇ ಪ್ರತಿ ಸುದ್ದಿಗೂ ಏರುವ ಅಂಕಿಯೊಂದಿದೆ. ಹಿಂದಿನದಕ್ಕಿಂತ ಕಡಿಮೆ ಅಂಕಿ ಬಂದರೆ ಎಸೆ. ರೂಟರ್ ಆರಿ ಹೊತ್ತಿಕೊಂಡಾಗ ಎಣಿಕೆ ಮೊದಲಿಂದ ಶುರುವಾದರೆ ಕಳ್ಳನಿಗೆ ಸಂದು ಸಿಗುತ್ತಿತ್ತು. 2015ರ ತಿದ್ದುಪಡಿ ಅಂಕಿಯನ್ನು 64 ಬಿಟ್‌ಗೆ ಹಿಗ್ಗಿಸಿ, ರೂಟರ್ ಎಷ್ಟು ಸಲ ಹೊತ್ತಿಕೊಂಡಿತು ಎಂಬ ಲೆಕ್ಕವನ್ನೇ ಅದರ ಮೇಲಿನ ಅರ್ಧಕ್ಕೆ ಇಟ್ಟಿತು. ಎಷ್ಟು ಸರಳ, ಎಷ್ಟು ಚೆಂದ!

ಗಮನಿಸಿ, ಇಷ್ಟು ಹೊತ್ತು ಸುದ್ದಿಯನ್ನು ಯಾರೂ ಬಚ್ಚಿಟ್ಟಿಲ್ಲ. ಮುಚ್ಚಿಡುವ ದಾರಿಯೂ ಇದೆ: ಐಪಿವಿ6ಗಾಗಿ ಬಂದ ಒಎಸ್‌ಪಿಎಫ್‌ಗೆ 2006ರಲ್ಲಿ ಐಪಿಸೆಕ್ ಎಂಬ ರಕ್ಷಾಕವಚ ತೊಡಿಸಿದರು. ಅಲ್ಲೂ ಮುದ್ರೆ ಕಡ್ಡಾಯ, ಮುಸುಕು ಇಷ್ಟವಿದ್ದರೆ. ಒಬ್ಬ ಹೇಳಿದ್ದನ್ನು ಹಲವರು ಕೇಳುವ ಜಾಗವಾದ್ದರಿಂದ ಕೀಲಿಯನ್ನು ಕೈಯಾರೆ ಹಾಕಬೇಕಾಯಿತು, ಹಾಗೆ ಹಾಕಿದಾಗ ಹಳೆಯ ಸುದ್ದಿಯ ಮರುಬಳಕೆ ತಡೆಯುವ ರಕ್ಷಣೆ ಕೈತಪ್ಪಿತು. ಮುಸುಕು ಹೊದ್ದ ಮಾತಿಗೆ ಇಲ್ಲದ ಕಾವಲು, ಆಮೇಲೆ ಬಂದ ತೆರೆದ ಮುದ್ರೆಗೆ ದಕ್ಕಿತು. ಕೇಬಲ್ ಬೇರೆಯವರ ಸ್ವತ್ತಾಗಿದ್ದು, ಜಾಲದ ನಕ್ಷೆ ಅವರ ಕಣ್ಣಿಗೆ ಬೀಳಬಾರದೆಂದಿದ್ದರೆ ಗೂಢಲಿಪಿ ಬೇಕೇ ಬೇಕು. ಆದರೂ ದಾರಿಯ ಸುದ್ದಿಗೆ ಮುಸುಕಿಗಿಂತ ಮುದ್ರೆಯೇ ದೊಡ್ಡದೆಂದು ನಾನು ನಂಬಿದ್ದೇನೆ. ಮುದ್ರೆಗೂ ಮಿತಿಯುಂಟು: ಮಾತಾಡಿದ್ದು ಯಾರೆಂದು ಅದು ಹೇಳೀತು, ಆಡಿದ್ದು ನಿಜವೇ ಎಂದು ಹೇಳದು. 2008ರ ಫೆಬ್ರುವರಿ 24ರಂದು ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬಿನ ದಾರಿ ತನ್ನದೆಂದು ಸಾರಿದಾಗ ಸುದ್ದಿ ದಾಟಿದ್ದು ಪರಿಚಯದ ನೆರೆಯವರ ನಡುವೆಯೇ. ಅಂಥ ಸುಳ್ಳನ್ನು ಹಿಡಿಯಲು ವಿಳಾಸದ ಹಕ್ಕುಪತ್ರ ನೋಡುವ ಆರ್‌ಪಿಕೆಐ ಬೇಕು. ಅದು ಬೇರೆಯೇ ಕಥೆ.

ನನಗೆ ಅತ್ಯಂತ ರುಚಿಸುವುದು ಕೀಲಿ ಬದಲಿಸುವ ಬಗೆ. ಮೋಯ್ ಪ್ರತಿ ಕೀಲಿಗೂ ನಾಲ್ಕು ಗಳಿಗೆ ಗೊತ್ತುಮಾಡಿದ್ದಾರೆ: ಒಪ್ಪಿಕೊಳ್ಳಲು ಶುರು, ಒತ್ತಲು ಶುರು, ಒತ್ತುವುದು ನಿಲ್ಲು, ಒಪ್ಪುವುದು ನಿಲ್ಲು. ಹೊಸ ಕೀಲಿಯನ್ನು ಕೆ.ಆರ್. ಪೇಟೆ ಮೊದಲು ಒಪ್ಪಿಕೊಳ್ಳಲು ಸಿದ್ಧವಾಗುತ್ತದೆ, ಆಮೇಲೆ ನಾಗಮಂಗಲ ಒತ್ತುತ್ತದೆ. ಹಳೆಯದನ್ನು ಒತ್ತುವುದು ನಿಂತ ಮೇಲೂ ಕೆಲಕಾಲ ಒಪ್ಪುತ್ತಾರೆ. ಗಡಿಯಾರಗಳು ತುಸು ಹೆಚ್ಚುಕಡಿಮೆ ಇದ್ದರೂ ಮಾತು ಕಡಿಯುವುದಿಲ್ಲ. ಹೊಸದನ್ನು ಹಾಕಲು ಎಲ್ಲರೂ ಮರೆತು ಕೊನೆಯ ಕೀಲಿಯ ಅವಧಿಯೂ ಮುಗಿದರೆ? ಮುದ್ರೆಯಿಲ್ಲದ ಮಾತಿಗೆ ಇಳಿಯಕೂಡದು, ಸಂಚಾರವನ್ನೂ ನಿಲ್ಲಿಸಬಾರದು ಎನ್ನುತ್ತದೆ ಕಟ್ಟಳೆ. ರೂಟರ್ ಜಾಲದ ಮೇಲ್ವಿಚಾರಕನಿಗೆ ಹೇಳಿಕಳಿಸಿ, ಅವನು ಬಂದು ಬದಲಿಸುವವರೆಗೆ ಆ ಹಳೆಯ ಕೀಲಿಯಲ್ಲೇ ಮುದ್ರೆ ಒತ್ತುತ್ತಿರಬೇಕು.