ಗುಲಾಬಿಯ ಗದ್ದಲ, ಮಗಳ ಒಪ್ಪಿಗೆ

ಫೆಬ್ರವರಿ 14 ಸಮೀಪಿಸಿದಂತೆ ಹೆಣ್ಣುಮಕ್ಕಳ ಶಾಲೆ, ಕಾಲೇಜುಗಳಲ್ಲಿ ಪ್ರೇಮಿಗಳ ದಿನ ಸಲ್ಲದೆಂಬ ಕೂಗು ಏಳುತ್ತದೆ. ಹಿಂದೆ ಸೌದಿ ಅರೇಬಿಯದ ಧಾರ್ಮಿಕ ಪೊಲೀಸರು ಅಂಗಡಿಗಳಿಂದ ಕೆಂಪು ಗುಲಾಬಿ ತೆಗೆಸುತ್ತಿದ್ದರು. ನಮ್ಮಲ್ಲಿ 2009ರ ಮಂಗಳೂರು ಪಬ್ ದಾಳಿಯ ಬೆನ್ನಿಗೇ, ಅಂದು ಜೋಡಿಯಾಗಿ ಕಂಡವರಿಗೆ ಮದುವೆ ಮಾಡಿಸುವುದಾಗಿ ಶ್ರೀರಾಮ ಸೇನೆ ಬೆದರಿಸಿತು. ಧರ್ಮ ಬೇರೆಯಾದರೂ ಇಬ್ಬರೂ ಕಾವಲು ಹಾಕಿದ್ದು ಹೆಣ್ಣಿಗೆ.

ಕಾರ್ಡು, ಚಾಕೊಲೇಟುಗಳ ವ್ಯಾಪಾರವನ್ನು ಶಾಲೆಯೊಳಗೆ ತರುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರಲ್ಲಿ, ದಲಿತ ಯುವಕನನ್ನು ಮದುವೆಯಾದ ಮುಸ್ಲಿಂ ಗರ್ಭಿಣಿಯನ್ನು ತವರಿನವರೇ ಸುಟ್ಟು ಕೊಂದದ್ದು 2017ರ ಜೂನ್‌ನಲ್ಲಿ. ಆ ಕ್ರೌರ್ಯಕ್ಕೆ ಫೆಬ್ರವರಿಯೂ ಬೇಕಾಗಲಿಲ್ಲ, ಗುಲಾಬಿಯೂ ಬೇಕಾಗಲಿಲ್ಲ. ಗುಲಾಬಿಯ ವಿರುದ್ಧ ಮಾತಾಡಿದಷ್ಟು ನಾವು ಅದರ ವಿರುದ್ಧ ಮಾತಾಡಿದೆವೇ?

ಇದೇ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಲ್ಯಾಣ ಹೊತ್ತಿ ಉರಿದದ್ದೂ ಹರಳಯ್ಯ, ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಯಿಂದ ಎನ್ನುತ್ತದೆ ಶರಣ ಪರಂಪರೆ. ಎಂಟು ಶತಮಾನ ಕಳೆದರೂ ಕಿಡಿ ಆರಿಲ್ಲ.

ನಿಕಾಹ್‌ನಲ್ಲಿ ವಧುವಿನ ಒಪ್ಪಿಗೆ ಕೇಳುತ್ತೇವೆ. ಆದರೆ ಇಂಡಿ, ಸಿಂದಗಿಯ ಎಷ್ಟು ಮನೆಗಳಲ್ಲಿ ಮಗಳು ‘ಬೇಡ’ ಎನ್ನಬಲ್ಲಳು? ‘ಬೇಡ’ ಎನ್ನಲಾಗದವಳ ಒಪ್ಪಿಗೆಗೆ ಅರ್ಥವೇನು? ಗುಲಾಬಿಯನ್ನು ತಡೆಯುವ ಮುನ್ನ ನಾವು ಇದಕ್ಕೆ ಉತ್ತರಿಸಬೇಕು.