ಸೊನ್ನೆಗೂ ಒಂದು ಸೀಟು

ಬೆಂಗಳೂರು ಕಂಟೋನ್ಮೆಂಟ್ ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿನಲ್ಲಿ ಗುಮಾಸ್ತರ ಬೆರಳು ಓಡುವುದನ್ನು ನೋಡಬೇಕು. ರೈಲಿನ ನಂಬರ್, ತಾರೀಖು, ಹತ್ತುವ ಊರು, ಇಳಿಯುವ ಊರು, ಕ್ಲಾಸು, ಎಲ್ಲಾ ಚುಟುಕು ಸಂಕೇತ. ಆ ವೇಗದ ಅರ್ಧ ಪುಣ್ಯ ಪ್ರತಿ ಖಾನೆಯ ಅಳತೆ, ಬಗೆಗಳನ್ನು ಮೊದಲೇ ಗೊತ್ತುಮಾಡಿದವರದ್ದು.

ರೈಲಿನ ನಂಬರನ್ನೇ ನೋಡಿ. 2010ರ ಡಿಸೆಂಬರಿನಲ್ಲಿ ನಾಲ್ಕಂಕಿ ಹೋಗಿ ಐದಂಕಿ ಬಂತು. ವಿಶೇಷ ರೈಲುಗಳದ್ದು ಸೊನ್ನೆಯಿಂದ ಶುರು. ಅದನ್ನು ಕಂಪ್ಯೂಟರಿನಲ್ಲಿ ಬರೀ ಲೆಕ್ಕದ ಸಂಖ್ಯೆ ಅಂತ ಇಟ್ಟರೆ ಮುಂದಿನ ಸೊನ್ನೆ ಉದುರಿಹೋಗುತ್ತದೆ. ರೈಲಿನ ನಂಬರನ್ನು ಯಾರೂ ಕೂಡಿ ಕಳೆಯುವುದಿಲ್ಲವಲ್ಲ! ಅದು ಹೆಸರೇ, ಅಂಕಿಯ ವೇಷದಲ್ಲಿದೆ ಅಷ್ಟೆ. ಟಿಕೆಟ್ಟಿನ ದರ ಮಾತ್ರ ಅಪ್ಪಟ ಸಂಖ್ಯೆ.

ಊರಿನ ಸಂಕೇತಕ್ಕೆ ಅಕ್ಷರಗಳು. ಕಂಟೋನ್ಮೆಂಟ್ ಬಿಎನ್‌ಸಿ, ಕೃಷ್ಣರಾಜಪುರ ಕೆಜೆಎಂ. ಮೂರಕ್ಷರ ಸಾಕೆಂದು ಹೊರಟಿದ್ದರೆ ಬೆಂಗಳೂರು ಈಸ್ಟ್, ಅಂದರೆ ಬಿಎನ್‌ಸಿಇ, ಬಾಲ ಕತ್ತರಿಸಿಕೊಂಡು ಕಂಟೋನ್ಮೆಂಟೇ ಆಗಿಬಿಡುತ್ತಿತ್ತು.

ಮೇನ್‌ಫ್ರೇಮ್ ಕಂಪ್ಯೂಟರುಗಳ ಕೋಬಾಲ್ ಭಾಷೆ ಖಾನೆಗಳ ಈ ಬಗೆಗಳನ್ನೆಲ್ಲ ಬಲು ಚೊಕ್ಕವಾಗಿ ಬರೆಸುತ್ತದೆ: 9 ಎಂದರೆ ಅಂಕಿ, ಎ ಎಂದರೆ ಅಕ್ಷರ, ಎಕ್ಸ್ ಎಂದರೆ ಯಾವುದಾದರೂ ಸರಿ. ಸೋಮಾರಿಗಳು ಎಲ್ಲಕ್ಕೂ ಎಕ್ಸ್ ಬರೆದು ಕೈತೊಳೆದುಕೊಳ್ಳುತ್ತಾರೆ. ಆಮೇಲೆ ವಯಸ್ಸಿನ ಜಾಗದಲ್ಲಿ ಹೆಸರು ಕೂತಿರುತ್ತದೆ.