ಫ್ರಾಯ್ಡನ ಸ್ವಪ್ನಗ್ರಂಥ: ಗ್ರಾಹ್ಯವೂ ತ್ಯಾಜ್ಯವೂ

ವಿಯೆನ್ನಾ ನಗರದ ವೈದ್ಯ ಸಿಗ್ಮಂಡ್ ಫ್ರಾಯ್ಡನ ಸ್ವಪ್ನವಿಚಾರಗ್ರಂಥವು 1899ರ ನವೆಂಬರಿನಲ್ಲಿ ಪ್ರಕಟವಾಯಿತು. ಅಚ್ಚಾದ 600 ಪ್ರತಿಗಳು ಮಾರಿಹೋಗಲು 8 ವರ್ಷಗಳು ಹಿಡಿದುವು. ಇಂದು ಅದನ್ನು ವೇದವಾಕ್ಯವೆನ್ನುವವರೂ ಕಟ್ಟುಕಥೆಯೆನ್ನುವವರೂ ಉಂಟು. ಉಭಯಪಕ್ಷವೂ ಅವಿಚಾರಿತವೆಂದೇ ನಮ್ಮ ಮತ.

ಸ್ವಪ್ನವೆಲ್ಲವೂ ಇಚ್ಛಾಪೂರ್ತಿಯೆಂಬ ಆತನ ಪ್ರತಿಜ್ಞೆಗೆ ವ್ಯಾಪ್ತಿಯು ಸಿದ್ಧಿಸುವುದಿಲ್ಲ. ಇಚ್ಛೆಗೆ ವಿರುದ್ಧವಾದ ಕನಸನ್ನು ರೋಗಿಯು ಹೇಳಿದರೆ, ವೈದ್ಯನ ಸಿದ್ಧಾಂತವು ಸುಳ್ಳಾಗಲೆಂಬುದೇ ಅಲ್ಲಿಯ ಇಚ್ಛೆಯೆಂದು ಆತನು ಸಮಾಧಾನ ಹೇಳುತ್ತಾನೆ. ಆಕ್ಷೇಪವನ್ನೇ ಸಾಕ್ಷಿಯನ್ನಾಗಿ ಮಾಡಿಕೊಳ್ಳುವ ವಾದವನ್ನು ಪರೀಕ್ಷಿಸುವ ಬಗೆ ಯಾವುದು? ಯುದ್ಧದಲ್ಲಿ ಬೆದರಿದವರು ಆ ಭಯವನ್ನೇ ಮರಳಿ ಮರಳಿ ಕನಸಿನಲ್ಲಿ ಕಾಣುವುದು ತನ್ನ ನಿಯಮಕ್ಕೆ ಒಳಪಡದೆಂದು 1920ರಲ್ಲಿ ಆತನೇ ಒಪ್ಪಬೇಕಾಯಿತು.

ಆದರೂ ಮೂಲವಸ್ತುವು ಉಳಿದಿದೆ. ನಮಗರಿಯದಂತೆಯೇ ಮನಸ್ಸು ವ್ಯಾಪಾರ ಮಾಡುತ್ತದೆಂಬುದನ್ನು ಇಂದಿನ ಮನಶ್ಶಾಸ್ತ್ರವು, ಅರ್ಥಾಂತರದಿಂದಲಾದರೂ, ಅಂಗೀಕರಿಸಿದೆ. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವುದೇ ಒಂದು ಚಿಕಿತ್ಸೆಯೆಂಬುದೂ ನೆಲೆಗೊಂಡಿದೆ.

ಇದು ನಮ್ಮ ಯೋಗಶಾಸ್ತ್ರದ ವಾಸನೆಯೇ ಎಂದು ಹಿಗ್ಗುವವರು ನಿಧಾನಿಸಬೇಕು. ವಾಸನೆಯು ಜನ್ಮಾಂತರಗಳಿಂದಲೂ ಬರುವುದು. ಫ್ರಾಯ್ಡನು ಹುಡುಕಿದುದು ಮುಖ್ಯವಾಗಿ ಈ ಜನ್ಮದ ಬಾಲ್ಯದಲ್ಲಿ. ಸಾದೃಶ್ಯವು ಐಕ್ಯವಲ್ಲ.

ಆದುದರಿಂದ ಈ ಗ್ರಂಥವನ್ನು ಪ್ರಮಾಣವೆಂದಲ್ಲ, ಪ್ರಶ್ನೆಯೆಂದು ಓದತಕ್ಕುದು. ಉತ್ತರಗಳು ಸವೆದರೂ ಪ್ರಶ್ನೆಯು ಸವೆದಿಲ್ಲ.